ಹಣೆಯ ಪಟ್ಟ, ಮರದ ಮೊಗ

ಚೆನ್ನೈಯ ಎಗ್ಮೋರಿನಲ್ಲಿರುವ ಸರ್ಕಾರಿ ವಸ್ತುಸಂಗ್ರಹಾಲಯ ೧೮೫೧ರಲ್ಲಿ ಸ್ಥಾಪಿತವಾದದ್ದು. ಅದರ ಸಂಗ್ರಹದಲ್ಲಿ ತಾಮ್ರಪರ್ಣಿಯ ದಡದ ಆದಿಚ್ಚನಲ್ಲೂರಿನಿಂದ ಬಂದ ತೆಳುವಾದ ಚಿನ್ನದ ಪಟ್ಟಗಳಿವೆ. ಅಂಡಾಕಾರದ ತಗಡು, ಮೇಲೆ ಚುಕ್ಕಿಗಳ ಸಾಲಿನ ಅಲಂಕಾರ. ೧೮೯೯ರಿಂದ ೧೯೦೫ರವರೆಗೆ ಅಲೆಕ್ಸಾಂಡರ್ ರೀ ಅಲ್ಲಿನ ಶವಕುಂಭಗಳ ನೆಲೆಯನ್ನು ಅಗೆಸಿದಾಗ ಕಬ್ಬಿಣದ ಆಯುಧ, ಕಂಚಿನ ಪಾತ್ರೆಗಳ ಜೊತೆಗೆ ದೊರೆತವು ಇವು. ಸತ್ತವರ ಹಣೆಗೆ ಕಟ್ಟುತ್ತಿದ್ದವೆಂದು ವಿದ್ವಾಂಸರ ಊಹೆ. ರಾಜ್ಯಾಭಿಷೇಕವನ್ನು ‘ಪಟ್ಟ ಕಟ್ಟುವುದು’ ಎಂದೇ ಕರೆಯುವ, ಮದುವಣಿಗರ ಹಣೆಗೆ ಬಾಸಿಂಗ ಕಟ್ಟುವ ಕನ್ನಡಿಗರಿಗೆ ಈ ವಸ್ತು ಅಪರಿಚಿತವಾಗಿ ತೋರಬೇಕಿಲ್ಲ.

ಪ್ರಾಚೀನ ಈಜಿಪ್ಟಿನ ಶವದ ಮೊಗವಾಡಗಳ ಜೊತೆ ಇವನ್ನು ಹೋಲಿಸುವ ಆಸೆ ಸಹಜ. ತುತಾಂಖಾಮನ್ನನ ಹೊನ್ನಿನ ಮೊಗವಾಡ ಲೋಕಪ್ರಸಿದ್ಧ. ಆದರೆ ಅಲ್ಲಿ ಬಹುಮಂದಿಗೆ ದೊರೆತದ್ದು ನಾರುಬಟ್ಟೆ ಮತ್ತು ಗಾರೆಯ ಮೊಗ, ಇಲ್ಲವೆ ಮರದ ಮೊಗ. ಮರದ ಮೊಗವನ್ನು ಹಲವು ವೇಳೆ ಬೇರೆಯಾಗಿ ಕೆತ್ತಿ, ಮನುಷ್ಯಾಕಾರದ ಶವಪೆಟ್ಟಿಗೆಯ ಮುಚ್ಚಳಕ್ಕೆ ಮರದ ಬೆಣೆಗಳಿಂದ ಕೂಡಿಸುತ್ತಿದ್ದರು. ಸ್ಥಳೀಯವಾದ ಅತ್ತಿಯ ಜಾತಿಯ ಮರ ಸಾಮಾನ್ಯರದು. ಲೆಬನಾನಿನ ದೇವದಾರು ಉಳ್ಳವರದು. ಹಕ್ಕಿಯೊಡಲಿನ ‘ಬಾ’ ಎಂಬ ಜೀವ ಮರಳಿ ಬಂದಾಗ ತನ್ನ ಶರೀರವನ್ನು ಗುರುತಿಸಬೇಕು, ಆದ್ದರಿಂದ ಮೊಗ ಅಳಿಯಕೂಡದು.

ತಾಮ್ರಪರ್ಣಿಯ ದಡದಲ್ಲಿ ನಡೆದದ್ದು ಬೇರೆ. ಇಲ್ಲಿ ಮೊಗವನ್ನು ಉಳಿಸುವ ಯತ್ನವಿಲ್ಲ. ಇಡೀ ಶರೀರವನ್ನು ಕುಂಭದಲ್ಲಿ ಇಟ್ಟಿದ್ದರೆ ಪಟ್ಟ ಕಟ್ಟಿದ್ದು ಮೊಗಕ್ಕೆ. ಆರಿಸಿ ತಂದ ಮೂಳೆಗಳಾದರೆ ಬರಿಯ ತಲೆಬುರುಡೆಗೆ. ಎರಡನೆಯದು ನಿಜವಾದರೆ, ಗುರುತು ಅಳಿದ ಮೇಲೂ ಮರ್ಯಾದೆ ಸಲ್ಲಬೇಕೆಂದು ಅವರು ಬಗೆದಿದ್ದರು. ಪುಱನಾನೂಱಿನ ಪದ್ಯವೊಂದರಲ್ಲಿ ಹೆಣ್ಣೊಬ್ಬಳು ತಾನೂ ಗಂಡನ ಜೊತೆ ಹಿಡಿಯುವಷ್ಟು ದೊಡ್ಡ ಕುಂಭವನ್ನು ಮಾಡೆಂದು ಕುಂಬಾರನನ್ನು ಬೇಡುತ್ತಾಳೆ. ಅವಳಿಗೆ ಬೇಕಾದದ್ದು ಸ್ಥಳ, ಮೊಗವಲ್ಲ.

ಹೋಲಿಕೆ ಕಂಡಲ್ಲೆಲ್ಲ ಸಂಬಂಧವನ್ನು ಹೊಸೆಯುವ ಉತ್ಸಾಹ ವಿದ್ವತ್ತಿಗೆ ಹಿತವಲ್ಲ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ದೊರೆತು ೧೯೦೩ರಲ್ಲಿ ಪ್ರಕಟವಾದ ಗ್ರೀಕ್ ಪ್ರಹಸನದಲ್ಲಿ ಕನ್ನಡದ ಮಾತುಗಳಿವೆಯೆಂದು ಹುಲ್ಟ್ಷ್ ಸೂಚಿಸಿದಂದಿನಿಂದ ಶಾಮಶಾಸ್ತ್ರಿ, ಗೋವಿಂದ ಪೈ ಮೊದಲಾದವರು ಅದರ ಬೆನ್ನು ಹತ್ತಿದರು. ಚರ್ಚೆ ಇನ್ನೂ ಮುಗಿದಿಲ್ಲ. ಅಲ್ಲಾದರೂ ಕಡಲ ವ್ಯಾಪಾರದ ಆಧಾರವಿದೆ. ಪಟ್ಟಕ್ಕೂ ಮೊಗವಾಡಕ್ಕೂ ನಡುವೆ ಚಿನ್ನದ ಹೊಳಪಲ್ಲದೆ ಬೇರೇನೂ ಇಲ್ಲ.

ಇವನ್ನು ಅರಿಯಲು ನೈಲ್ ನದಿಗಿಂತ ಬ್ರಹ್ಮಗಿರಿ, ಮಸ್ಕಿ, ಹಿರೇಬೆಣಕಲ್ಲಿನ ಶಿಲಾಸಮಾಧಿಗಳ ಕಡೆ ತಿರುಗುವುದು ಮೇಲು. ಬಳ್ಳಾರಿ ಸೀಮೆಯ ಕಲ್ಲಿನ ಉಪಕರಣಗಳನ್ನು ಒಳಗೊಂಡ ರಾಬರ್ಟ್ ಬ್ರೂಸ್ ಫೂಟ್ ಸಂಗ್ರಹವೂ ೧೯೦೪ರಲ್ಲಿ ಎಗ್ಮೋರಿಗೇ ಸೇರಿತು.

ಯಾಗೋರ್ ೧೮೭೬ರಲ್ಲಿ ಆದಿಚ್ಚನಲ್ಲೂರಿನಲ್ಲಿ ಅಗೆದದ್ದು ಬರ್ಲಿನ್ನಿಗೆ ಹೋಯಿತು, ರೀ ಅಗೆದದ್ದು ಚೆನ್ನೈಗೆ ಬಂದಿತು. ೨೦೨೩ರಲ್ಲಿ ಆ ಊರಿನಲ್ಲಿಯೇ, ಅಗೆದ ಗುಂಡಿಗಳ ಮೇಲೆ ಗಾಜಿನ ನೆಲವನ್ನು ಹಾಸಿ, ಕುಂಭಗಳನ್ನು ಇದ್ದಲ್ಲಿಯೇ ತೋರಿಸುವ ಏರ್ಪಾಡಾಯಿತು. ರೀ ಕಂಡ ಪಟ್ಟಗಳು ಮಾತ್ರ ಅಲ್ಲಿಂದ ಸುಮಾರು ೬೦೦ ಕಿಲೋಮೀಟರ್ ದೂರದಲ್ಲಿ, ತಾವು ಕಟ್ಟಿದ್ದ ಹಣೆಗಳನ್ನು ಬಿಟ್ಟು ಉಳಿದಿವೆ.