ಓದಿ ಹಾಕಿದ ಸಹಿ

ಸಹೋದರಿಯರೇ, ಆಸ್ಪತ್ರೆಯಿಂದ ಡಿಸ್ಚಾರ್ಜ್ ಆಗುವಾಗ ಮುಂದಿಡುವ ಕಾಗದಗಳನ್ನು ನಿಮ್ಮಲ್ಲಿ ಎಷ್ಟು ಮಂದಿ ಓದುತ್ತೀರಿ? ನಾನು ಓದಿದ್ದೆ. ಓದಿಯೂ ಸಹಿ ಹಾಕಿದೆ.

ಎರಡು ವರ್ಷಗಳ ಹಿಂದೆ ಅತ್ತೆಯವರಿಗೆ ನ್ಯುಮೋನಿಯಾ ಆಯಿತು. ಅವರ ಹೆಸರಿರುವುದು ಮೈದುನನ ಬಿಪಿಎಲ್ ಕಾರ್ಡಿನಲ್ಲಿ. ಸರಕಾರಿ ಆಸ್ಪತ್ರೆಯಿಂದ ಶಿಫಾರಸು ಪತ್ರ ಪಡೆದು, ಆಯುಷ್ಮಾನ್ ಯೋಜನೆಯಡಿ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದೆವು. ಐದು ದಿನವೂ ಜನರಲ್ ವಾರ್ಡಿನಲ್ಲೇ ಇದ್ದರು. ಗಂಜಿ ಕುಡಿಯುತ್ತಾ, ಪಕ್ಕದ ಹಾಸಿಗೆಯಾಕೆಯ ಮನೆ ಸುದ್ದಿಯನ್ನೆಲ್ಲ ಕೇಳುತ್ತಾ ಗುಣವಾದರು. ಹೊರಡುವ ದಿನ ಕೊಟ್ಟ ಕಾಗದದಲ್ಲಿ 'ಐಸಿಯು ಮೂರು ದಿನ' ಎಂದಿತ್ತು. ಕೇಳಿದೆ.

"ನಿಮ್ಮ ಕೈಯಿಂದ ಒಂದು ರೂಪಾಯಿ ಹೋಗುವುದಿಲ್ಲವಲ್ಲ ಟೀಚರ್, ಸರಕಾರದ ಹಣ" ಎಂದಳು ಕೌಂಟರಿನ ಹುಡುಗಿ.

ಹೊರಗೆ ಆಟೋ ಕಾಯುತ್ತಿತ್ತು. ಸಹಿ ಹಾಕಿದೆ. ತರಗತಿಗೆ ಬಾರದ ಮಗುವಿಗೆ ಒಂದು ದಿನವೂ ಹಾಜರಿ ಹಾಕದವಳು ನಾನು!

ಈ ಯೋಜನೆಯಲ್ಲಿ ಆಪರೇಷನ್‌ಗಳಿಗೆ ನಿಗದಿತ ಮೊತ್ತವಿದೆ. ನ್ಯುಮೋನಿಯಾದಂತಹ ಕಾಯಿಲೆಗಳಿಗೆ ದಿನದ ಲೆಕ್ಕ. ಐಸಿಯುವಿಗೆ ವಾರ್ಡಿಗಿಂತ ದರ ಹೆಚ್ಚು. ಸುಳ್ಳು ನುಸುಳುವುದು ಅಲ್ಲಿಯೇ. ಬಿಪಿಎಲ್‌ನವರಿಗೆ ವರ್ಷಕ್ಕೆ 5 ಲಕ್ಷ ರೂಪಾಯಿ ಎಂದರೆ ಅದು ಇಡೀ ಕುಟುಂಬಕ್ಕೆ, ತಲೆಗೆ ಇಷ್ಟೆಂದು ಅಲ್ಲ. ಸುಳ್ಳು ಬಿಲ್ಲಿಗೆ ಹೋದಷ್ಟು, ಅದೇ ವರ್ಷ ಮನೆಯ ಇನ್ನೊಬ್ಬರಿಗೆ ಕಾಯಿಲೆಯಾದರೆ ಕಡಿಮೆಯಾಯಿತು. ಮಹಾಲೇಖಪಾಲರ 2023ರ ವರದಿಯಂತೆ, ದಾಖಲೆಯಲ್ಲಿ ಅದಾಗಲೇ ತೀರಿಹೋಗಿದ್ದ 3,446 ರೋಗಿಗಳ ಚಿಕಿತ್ಸೆಗೆಂದು 6.97 ಕೋಟಿ ರೂಪಾಯಿ ಪಾವತಿಯಾಗಿತ್ತು.

ನಮ್ಮ ಕಾಗದದಲ್ಲಿ ಡಾಕ್ಟರರ ಸಹಿಯೂ ಇತ್ತು. ಬರೆದದ್ದು ಬಿಲ್ಲಿಂಗ್‌ನವರಾದರೂ ವಿಚಾರಣೆ ಬಂದರೆ ಸಹಿ ಹಾಕಿದ ಡಾಕ್ಟರರೂ ಉತ್ತರಿಸಬೇಕು. ಅವರ ನೋಂದಣಿಗೇ ಕುತ್ತು ಬರಬಹುದು. (ನಮ್ಮ ಮನೆಗಳ ಮಕ್ಕಳೂ ಈಗ ಡಾಕ್ಟರರಾಗುತ್ತಿದ್ದಾರೆ. ಅವರ ತಾಯಂದಿರೂ ಇದನ್ನು ಓದಲಿ.)

ಕಳೆದ ವರ್ಷ ಅತ್ತೆಯವರನ್ನು ಕಣ್ಣಿನ ಪೊರೆಯ ಆಪರೇಷನ್‌ಗೆ ಬೇರೊಂದು ಊರಿಗೆ ಕರೆದೊಯ್ದೆವು. ಅಲ್ಲಿನ ಡಾಕ್ಟರ್ ಹಳೆಯ ಕಾಗದ ತಿರುವಿ, "ಐಸಿಯುನಲ್ಲಿ ಇದ್ದವರಾ? ಹಾಗಾದರೆ ಶ್ವಾಸಕೋಶದ ಪರೀಕ್ಷೆ ಆಗದೆ ಆಪರೇಷನ್ ಬೇಡ" ಎಂದು ಮುಂದೂಡಿದರು. ಅವರು ಹೇಳಿದ್ದು ಸರಿಯೇ. ಅವರಿಗೆ ಗೊತ್ತಿದ್ದದ್ದು ಆ ಕಾಗದ ಮಾತ್ರ.

"ನಾನು ಯಾವಾಗ ಮಗಳೇ ಐಸಿಯುನಲ್ಲಿದ್ದೆ?" ಎಂದು ಅತ್ತೆ ನನ್ನ ಮುಖ ನೋಡಿದರು.

"ಅದು ಸುಳ್ಳು ಡಾಕ್ಟರ್" ಎಂದೆ. ಅವರು ಕಾಗದದ ಕೆಳತುದಿಗೆ ಬೆರಳಿಟ್ಟು, "ಇದು ಯಾರ ಸಹಿ?" ಎಂದು ಕೇಳಿದರು.

ಮನೆಗೆ ಬಂದು ಯೋಜನೆಯ ಸಹಾಯವಾಣಿ 14555ಕ್ಕೆ ಕರೆ ಮಾಡಿದೆ. ಆಸ್ಪತ್ರೆಯ ಹೆಸರು ಹೇಳುವುದು ಸುಲಭವಿತ್ತು. ನನ್ನ ಹೆಸರು ಹೇಳುವಾಗ ಸ್ವರ ನಡುಗಿತು.