ದುಭಾಷಿಯ ಕೆಲಸ

ನಾನು ನನ್ನ ತಾಯಿಗೆ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ದುಭಾಷಿಯಾಗಿದ್ದೆ. ಸಂಬಳವಿಲ್ಲದ ಹುದ್ದೆ, ಕೆಲಸವೂ ಹಗುರ. ಟೆಲಿವಿಷನ್ನಿನಲ್ಲಿ ಕ್ರಿಕೆಟ್ಟು ನಡೆಯುವಾಗ ಅಮ್ಮ ಬಾಗಿಲ ಬಳಿ ಕುಳಿತು ಮಲ್ಲಿಗೆ ಕಟ್ಟುತ್ತಲೋ ಅಲಸಂಡೆ ಮುರಿಯುತ್ತಲೋ, ನಡುನಡುವೆ ತುಳುವಿನಲ್ಲಿ "ಆಯೆ ದಾದ ಪಣ್ಪೆ?" ಎನ್ನುವರು. ಅವನು ಏನು ಹೇಳುತ್ತಿದ್ದಾನೆ ಎಂದು ಪ್ರಶ್ನೆ. ನಾನು ಪರದೆಯಿಂದ ಕಣ್ಣು ಕೀಳದೆ "ಔಟ್" ಎನ್ನುವೆ, ಇಲ್ಲವೆ "ಫೋರ್" ಎನ್ನುವೆ. ಇಂಗ್ಲಿಷಿನವನು ಒಂದು ನಿಮಿಷ ಮಾತಾಡಿದ್ದಕ್ಕೆ ನನ್ನ ಅನುವಾದ ಒಂದು ಶಬ್ದ. ಅಷ್ಟು ಹೊತ್ತು ಹೇಳಿದ್ದು ಇಷ್ಟೆಯೇ ಎಂದು ಅಮ್ಮ ಒಮ್ಮೆಯೂ ಕೇಳಲಿಲ್ಲ.

ನಮ್ಮ ಮಂಗಳೂರಿನ ಭಾಷೆಯ ಲೆಕ್ಕ ಹೊರಗಿನವರಿಗೆ ಬೇಗನೆ ಹತ್ತುವುದಿಲ್ಲ. ನಮ್ಮ ಮನೆಯಲ್ಲಿ ತುಳು, ಪಕ್ಕದ ಮನೆಯಲ್ಲಿ ಕೊಂಕಣಿ, ಬಂದರಿನ ಕಡೆಗೆ ಇಳಿದರೆ ಬ್ಯಾರಿ. ಕನ್ನಡವೆಂದರೆ ಶಾಲೆ, ಪತ್ರಿಕೆ, ಯಕ್ಷಗಾನ ಮತ್ತು ಧ್ವನಿವರ್ಧಕ. ಕೊನೆಯದನ್ನು ತಮಾಷೆಗೆ ಹೇಳಿದ್ದಲ್ಲ. ರಾತ್ರಿ ದೀಪದ ಬೆಳಕಿನಲ್ಲಿ ನಡೆಯುವ ಕಬಡ್ಡಿಗಾಗಲಿ, ಕಂಬಳಕ್ಕಾಗಲಿ ನಮ್ಮಲ್ಲಿ 'ವೀಕ್ಷಕ ವಿವರಣೆ' ಎಂಬುದೊಂದು ಉಂಟು. ಮೈಕು ಹಿಡಿದವನು ಮನೆಯಲ್ಲಿ ಅಚ್ಚ ತುಳುವನೇ ಆಗಿದ್ದರೂ ವೇದಿಕೆ ಹತ್ತಿದೊಡನೆ ತಾಳಮದ್ದಳೆಯ ಅರ್ಥಧಾರಿಯಂತೆ ಕನ್ನಡವಾಡುತ್ತಾನೆ. ಅಮ್ಮ ಅದನ್ನು ಕೇಳಿ ಬೆಳೆದವರು. ಯಾರು ಹಿಡಿದರು, ಯಾರು ಗೆರೆ ಮುಟ್ಟಿದರು ಎಂಬುದನ್ನು ಅವರಿಗೆ ಕಲಿಸಬೇಕಾಗಿರಲಿಲ್ಲ. ಅವರು ಆಟ ತಿಳಿಯದೆ ಕುಳಿತಿದ್ದವರಲ್ಲ. ಮಾತು ತಿಳಿಯದೆ ಕುಳಿತಿದ್ದವರು. ಈ ಎರಡರ ಅಂತರ ನನಗೆ ಹೊಳೆದದ್ದು ತಡವಾಗಿ.

2018ರಿಂದ ಐದು ವರ್ಷಗಳ ಐಪಿಎಲ್ ಪ್ರಸಾರದ ಹಕ್ಕಿಗೆ ಸ್ಟಾರ್ ಸಂಸ್ಥೆ 16,347 ಕೋಟಿ ರೂಪಾಯಿಗೂ ಮಿಕ್ಕಿ ಕೊಟ್ಟಿತ್ತು. ಅಷ್ಟು ಹಣವನ್ನು ಇಂಗ್ಲಿಷು ಹಿಂದಿಗಳೆರಡರಿಂದಲೇ ಹುಟ್ಟಿಸುವುದು ಕಷ್ಟವೆಂದು ತೋರಿರಬೇಕು. ತಮಿಳರಿಗೆ 2017ರಲ್ಲೇ ಪ್ರತ್ಯೇಕ ಕ್ರೀಡಾ ವಾಹಿನಿ ಬಂದಿತ್ತು. 2018ರ ಡಿಸೆಂಬರಿನಲ್ಲಿ 'ಸ್ಟಾರ್ ಸ್ಪೋರ್ಟ್ಸ್ 1 ಕನ್ನಡ' ಹುಟ್ಟಿತು. ಕನ್ನಡದ ಮೇಲಿನ ಪ್ರೀತಿಗಿಂತ ಲೆಕ್ಕಾಚಾರವೇ ಇದರ ತಾಯಿ ಎಂದು ನಾನು ಆಗ ಮೂಗು ಮುರಿದೆ. ಈಗಲೂ ಹಾಗೆಯೇ ತಿಳಿದಿದ್ದೇನೆ. ಆದರೆ ಲೆಕ್ಕಾಚಾರದಿಂದ ಹುಟ್ಟಿದ ಮಕ್ಕಳೂ ಮಕ್ಕಳೇ ತಾನೆ?

ವಾಹಿನಿ ಬಂದ ಹೊಸತರಲ್ಲೇ, 2019ರ ಜನವರಿ 5ರಂದು, ಪ್ರೊ ಕಬಡ್ಡಿಯ ಅಂತಿಮ ಪಂದ್ಯ. ಬೆಂಗಳೂರು ಬುಲ್ಸ್ ತಂಡ ಅರ್ಧ ಆಟಕ್ಕೆ ಹಿಂದೆ ಬಿದ್ದಿತ್ತು. ಪವನ್ ಸೆಹ್ರಾವತ್ ಎಂಬ ಹುಡುಗ ಒಬ್ಬನೇ 22 ಅಂಕ ತಂದು ಗುಜರಾತನ್ನು 38-33ರಿಂದ ಸೋಲಿಸಿದ. ವಿವರಣೆ ಕನ್ನಡದಲ್ಲಿ. ಅಮ್ಮ ಹೂವನ್ನು ಬದಿಗಿಟ್ಟು ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಅಂದು ನನ್ನನ್ನು ಏನೂ ಕೇಳಲಿಲ್ಲ.

ಮುಂದಿನ ತಿಂಗಳು ಟ್ರಾಯ್‌ನ ಹೊಸ ನಿಯಮ ಬಂತು. ನೂರು ವಾಹಿನಿಗೆ 130 ರೂಪಾಯಿ ಮೂಲಶುಲ್ಕ. ಗೊಂಚಲಿನಲ್ಲಿ ಸೇರುವ ವಾಹಿನಿಯ ಬೆಲೆ 19 ರೂಪಾಯಿ ದಾಟಬಾರದು. ಮೇಲೆ ಶೇಕಡ 18 ತೆರಿಗೆ. ಕೇಬಲಿನ ಹುಡುಗ ಪಟ್ಟಿ ಹಿಡಿದು ಬಂದು "ಯಾವುದೆಲ್ಲ ಬೇಕು, ಗುರುತು ಹಾಕಿ ಸರ್" ಎಂದ. ನಾನು ಇಂಗ್ಲಿಷ್ ಕ್ರೀಡಾ ವಾಹಿನಿಗೆ ಗುರುತು ಹಾಕಿದೆ. ಕನ್ನಡದ್ದಕ್ಕೆ ಹಾಕಲಿಲ್ಲ. ಅದೇ ಆಟ, ಅದೇ ಚೆಂಡು, ಎರಡು ಸಲ ದುಡ್ಡೇಕೆ ಎಂಬುದು ನನ್ನ ತರ್ಕ. ಅದರ ಜೊತೆಗೆ ಆ ವಿವರಣೆಯ ಕನ್ನಡವೂ ನನ್ನ ಕಿವಿಗೆ ಹಿಡಿಸಿರಲಿಲ್ಲ. ಬೆಂಗಳೂರಿನ ಪೇಟೆಯ ಮಾತು, ಮೂರು ಶಬ್ದಕ್ಕೊಂದು ಇಂಗ್ಲಿಷು, ಎಲ್ಲವೂ 'ಸಖತ್'.

ಮರುದಿನ ಬೆಳಿಗ್ಗೆ ಅಮ್ಮ ಇಪ್ಪತ್ತರ ಎರಡು ನೋಟುಗಳನ್ನು ನನ್ನ ಕಾಫಿ ಲೋಟದ ಪಕ್ಕ ಇಟ್ಟರು. "ನನ್ನದೊಂದು ಹಾಕಿಸು ಮಗಾ" ಎಂದರು.

ಅಷ್ಟು ವರ್ಷಗಳಲ್ಲಿ ಅವರು ಟೆಲಿವಿಷನ್ನಿನ ವಿಷಯಕ್ಕೆ ಬಾಯಿಬಿಟ್ಟು ಕೇಳಿದ್ದು ಅದೊಂದೇ. ಹಣವನ್ನು ಹಿಂದಕ್ಕೆ ಕೊಟ್ಟು ಹಾಕಿಸಿದೆ.

2020ರ ಸೆಪ್ಟೆಂಬರ್ 24ರ ರಾತ್ರಿ ದುಬೈಯಲ್ಲಿ ಪಂಜಾಬಿಗೂ ಬೆಂಗಳೂರಿಗೂ ಪಂದ್ಯ. ಪಂಜಾಬಿನ ನಾಯಕ ನಮ್ಮ ಸುರತ್ಕಲ್ಲಿನಲ್ಲಿ ಬೆಳೆದ ರಾಹುಲ್. ಅಮ್ಮನಿಗೆ ಧರ್ಮಸಂಕಟ: ಊರ ಹುಡುಗ ಗೆಲ್ಲಬೇಕೋ, ರಾಜ್ಯದ ತಂಡವೋ? ರಾಹುಲ್ 69 ಎಸೆತಗಳಲ್ಲಿ 132 ಹೊಡೆದ. ಕೊಹ್ಲಿ ಅವನ ಕ್ಯಾಚನ್ನು ಎರಡು ಸಲ ಚೆಲ್ಲಿದ. ಬೌಲರನು ಏಕೆ ಉದ್ದ ಬದಲಿಸಿದ, ಕ್ಷೇತ್ರರಕ್ಷಕನನ್ನು ಏಕೆ ಆಚೆಗೆ ಕಳುಹಿಸಿದರು ಎಂದು ಅಮ್ಮ ನನಗೇ ಹೇಳುತ್ತ ಹೋದರು. ಕನ್ನಡ ವಾಹಿನಿಯಲ್ಲಿ ವಿಜಯ್ ಭಾರದ್ವಾಜರಂಥವರು, ದೇಶಕ್ಕಾಗಿ ಆಡಿ 1999ರಲ್ಲಿ ನೈರೋಬಿಯಲ್ಲಿ ಸರಣಿಯ ಶ್ರೇಷ್ಠರಾದವರು, ಇವನ್ನೆಲ್ಲ ಬಿಡಿಸಿ ಹೇಳುತ್ತಿದ್ದರು. ಅಮ್ಮ ಎರಡು ಋತು ಪೂರ್ತಿ ಕೇಳಿ ಪಾಠ ಮಾಡಿಕೊಂಡಿದ್ದರು.

ಜಾಹೀರಾತು ಬಂದಾಗ ಅಮ್ಮ ಸುಮ್ಮನೆ ಕೇಳಿದರು: "ಮೊದಲು ಇಂಗ್ಲಿಷಿನವರೂ ಇಷ್ಟೆಲ್ಲ ಹೇಳುತ್ತಿದ್ದರಾ?"

"ಹೇಳುತ್ತಿದ್ದರು."

"ನೀನು ಔಟ್ ಅಂತ ಮಾತ್ರ ಹೇಳುತ್ತಿದ್ದೆ."

ದೂರಿನ ದನಿಯಲ್ಲ. ಅಂಗಡಿಯ ಚೀಟಿಯಲ್ಲಿ ಬಿಟ್ಟುಹೋದ ಸಾಮಾನನ್ನು ನೆನಪಿಸಿದಷ್ಟೇ. ನನಗೆ ಉತ್ತರ ಹೊಳೆಯಲಿಲ್ಲ. ಅವರಿಗೆ ಅಷ್ಟು ಸಾಕೆಂದು ತೀರ್ಮಾನಿಸಿದ್ದವನು ನಾನು, ಅವರಲ್ಲ.

2024ರ ನವೆಂಬರಿನಲ್ಲಿ ಸ್ಟಾರ್ ಸಂಸ್ಥೆಯ ಇಲ್ಲಿನ ವ್ಯವಹಾರ ರಿಲಯನ್ಸ್ ಬಳಗದ ಮಾಧ್ಯಮ ಸಂಸ್ಥೆಯೊಡನೆ ಕೂಡಿ ಜಿಯೋಸ್ಟಾರ್ ಆಯಿತು. ಅಮ್ಮನಿಗೆ ಅದರ ಗೊಡವೆ ಇಲ್ಲ. ಅಷ್ಟರಲ್ಲಿ ಅವರ ಕಿವಿ ಮಂದವಾಗಿತ್ತು. ಯಂತ್ರ ಕೊಡಿಸಿದ್ದೇನೆ, ಅದರಲ್ಲಿ ಜನರ ಕೂಗೇ ಹೆಚ್ಚು ಕೇಳಿಸುತ್ತದೆ, ಮಾತು ಮುಳುಗುತ್ತದೆ ಎಂದು ತೆಗೆದಿಡುತ್ತಾರೆ.

2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಬೆಂಗಳೂರು ತಂಡಕ್ಕೆ ಹದಿನೆಂಟನೆಯ ವರ್ಷದ ಫೈನಲ್. ಕೊನೆಯ ಓವರಿನಲ್ಲಿ ಪಂಜಾಬಿಗೆ 29 ಬೇಕು. ಮೊದಲೆರಡು ಎಸೆತಗಳಲ್ಲಿ ಏನೂ ಬರಲಿಲ್ಲ. ಆಟ ಇನ್ನೂ ಮುಗಿದಿಲ್ಲ, ಕೊಹ್ಲಿಯ ಕಣ್ಣಲ್ಲಿ ನೀರು. ವಿವರಣೆಗಾರರು ಕನ್ನಡದಲ್ಲಿ ಒಂದೇ ಸಮನೆ ಕೂಗುತ್ತಿದ್ದರು. ಅಮ್ಮ ನನ್ನ ತೋಳು ಹಿಡಿದು "ಆಯೆ ದಾದ ಪಣ್ಪೆ?" ಎಂದರು.

ಕುರ್ಚಿ ಹತ್ತಿರ ಎಳೆದುಕೊಂಡು, ಅವರ ಕಿವಿಗೆ ಬಾಯಿಟ್ಟು, ತುಳುವಿನಲ್ಲಿ ಮೊದಲಿನಿಂದ ಹೇಳತೊಡಗಿದೆ. ಕಳೆದ ಸಲ ಸೋತದ್ದು, ಅದಕ್ಕೂ ಹಿಂದಿನದ್ದು, ಇನ್ನು ನಾಲ್ಕೇ ಎಸೆತವೆಂಬುದು, ಅವನೇಕೆ ಅಳುತ್ತಿದ್ದಾನೆಂಬುದು. ಹೇಳಿ ಮುಗಿಸಿ ತಲೆಯೆತ್ತುವಾಗ ಆ ನಾಲ್ಕೂ ಎಸೆತ ಮುಗಿದು ಆರು ರನ್ನಿನಿಂದ ಗೆದ್ದಾಗಿತ್ತು. ಬೀದಿಯಲ್ಲಿ ಪಟಾಕಿ ಹೊಡೆಯುತ್ತಿದ್ದರು. ನಾನು ಒಂದನ್ನೂ ನೋಡಿರಲಿಲ್ಲ.