ದಾಳಿಗೆ ಹೋದವಳು

ವಾರ್ಷಿಕ ಸಂಚಿಕೆಗೆ ಒಂದು ಲೇಖನ ಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ನಾನು ಬರೆಯಬಲ್ಲ ವಿಷಯ ಒಂದೇ ಎಂಬುದು ನನಗೆ ಗೊತ್ತಿತ್ತು. ಕವಿತೆ, ಪ್ರವಾಸಕಥನ, ವಿಮರ್ಶೆ ಬರೆಯುವವರು ನಮ್ಮ ಕಾಲೇಜಿನಲ್ಲಿ ಬೇಕಾದಷ್ಟು ಜನರಿದ್ದಾರೆ. ಕಟ್ಟಡದ ಹಿಂದುಗಡೆ ಜಾಲಿಗಿಡಗಳ ಪಕ್ಕದಲ್ಲಿ ಸುಣ್ಣದ ಗೆರೆಯೆಳೆದ ಒಂದು ಕಬಡ್ಡಿ ಅಂಕಣವಿರುವುದನ್ನು ಮಾತ್ರ ವಾಚಕರಲ್ಲಿ ಹಲವರು ಕಂಡಿರಲಾರರು. ಸಂಜೆ ನಾಲ್ಕೂವರೆಯಿಂದ ಹಳ್ಳಿಯ ಬಸ್ಸು ಬರುವವರೆಗೆ ಅಲ್ಲಿ ನಾವು ಆರೇಳು ಹುಡುಗಿಯರು ಧೂಳೆಬ್ಬಿಸುತ್ತಿರುತ್ತೇವೆ. ಏಳೂ ಜನ ಕೂಡಿದರೆ ಅಂದು ನಮಗೆ ಹಬ್ಬ.

ನಾನು ದಾಳಿಗೆ ಹೋಗುವವಳು. ಮಹಿಳೆಯರ ಅಂಕಣ 12 ಮೀಟರ್ ಉದ್ದ, 8 ಮೀಟರ್ ಅಗಲ. ಅದರಲ್ಲಿ ಅರ್ಧ ಎದುರಾಳಿಗಳದು. ಆ ಅರ್ಧದೊಳಗೆ ಏಳು ಜನರ ನಡುವೆ ಒಬ್ಬಳೇ ಹೊಕ್ಕು, ಉಸಿರು ಬಿಡದೆ ‘ಕಬಡ್ಡಿ ಕಬಡ್ಡಿ’ ಎನ್ನುತ್ತಾ, 30 ಸೆಕೆಂಡುಗಳೊಳಗೆ ಯಾರನ್ನಾದರೂ ಮುಟ್ಟಿ ನಡುಗೆರೆಗೆ ಮರಳಬೇಕು. ಕಾಲ್ಚೆಂಡಿನಲ್ಲಿ ಮುಂಪಡೆಯ ಆಟಗಾರ್ತಿಗಿರುವ ಹೊಣೆ ಇಲ್ಲಿ ಇವಳಿಗೆ. ಗೆದ್ದರೆ ಮೊದಲ ಚಪ್ಪಾಳೆ ಅವಳಿಗೆ, ಸೋತರೆ ಮೊದಲ ಬೈಗುಳವೂ ಅವಳಿಗೇ.

ಕಳೆದ ವರ್ಷದ ಒಂದು ಸಂಜೆ ಊದಿದ ಮೊಣಕಾಲಿನೊಂದಿಗೆ ಮನೆಗೆ ಬಂದೆ. ಅವ್ವ ಅರಿಸಿನ ಬೆರೆಸಿದ ಎಣ್ಣೆ ಕಾಯಿಸಿ ತಂದು ತಿಕ್ಕತೊಡಗಿದಳು. ಕಟ್ಟೆಯ ಮೇಲೆ ಕುಳಿತಿದ್ದ ಅಪ್ಪ ಸ್ವಲ್ಪ ಹೊತ್ತು ನೋಡಿ, “ಯವ್ವಾ, ಈ ಹುತುತು ಆಡಿ ಏನ ಸಿಗತೈತಿ?” ಎಂದು ಕೇಳಿದರು. ಕಬಡ್ಡಿಗೆ ನಮ್ಮ ಮನೆಯಲ್ಲಿ ಇಂದಿಗೂ ಅದೇ ಹೆಸರು. ಅಪ್ಪ ಗದರಿಸಿ ಕೇಳಿದ್ದರೆ ನಾನೂ ಎದುರುತ್ತರ ಕೊಡಬಹುದಾಗಿತ್ತು. ಅವರು ಗೋವಿನಜೋಳದ ಬೀಜಕ್ಕೆಷ್ಟು, ಗೊಬ್ಬರಕ್ಕೆಷ್ಟು, ಕೊನೆಗೆ ಕೈಗೆ ಉಳಿಯುವುದೆಷ್ಟು ಎಂದು ಕೇಳುವ ದನಿಯಲ್ಲಿ ಕೇಳಿದರು. ನನ್ನಲ್ಲಿ ಲೆಕ್ಕವಿರಲಿಲ್ಲ.

ಲೆಕ್ಕ ಹುಡುಕಲು ನಾನು ವಾಚನಾಲಯಕ್ಕೆ ಹೋದೆ. ಮೊದಲು ಕಣ್ಣಿಗೆ ಬಿದ್ದವಳು ಕಬಡ್ಡಿಯವಳಲ್ಲ, ಪಂಜಾಬಿನ ಹೋಶಿಯಾರ್‌ಪುರ ಜಿಲ್ಲೆಯ ಮುಗ್ಗೋವಾಲ್ ಎಂಬ ಹಳ್ಳಿಯ ಕಾಲ್ಚೆಂಡಿನ ಹುಡುಗಿ ಮನೀಷಾ ಕಲ್ಯಾಣ್. ಚಂಡೀಗಢದ ಕಾಲೇಜಿನಲ್ಲಿ ಓದಿದವಳು. 2021ರ ನವೆಂಬರಿನಲ್ಲಿ ಬ್ರೆಜಿಲ್ ದೇಶದ ಮನಾಸ್ ನಗರದಲ್ಲಿ, ಬ್ರೆಜಿಲ್ ತಂಡಕ್ಕೇ ಒಂದು ಗೋಲು ಹೊಡೆದಳು. ಪಂದ್ಯವನ್ನು ಭಾರತ 1-6ರಿಂದ ಸೋತರೂ ಆ ಒಂದು ಗೋಲನ್ನು ಯಾರೂ ಮರೆಯಲಿಲ್ಲ. 2022ರಲ್ಲಿ ಸೈಪ್ರಸ್ಸಿನ ಅಪೊಲೊನ್ ತಂಡ ಅವಳನ್ನು ಕರೆಸಿಕೊಂಡಿತು. ಯುರೋಪಿನ ಮಹಿಳಾ ಚಾಂಪಿಯನ್ಸ್ ಲೀಗಿನಲ್ಲಿ ಆಡಿದ ಮೊದಲ ಭಾರತೀಯಳೆನಿಸಿದಳು. ಓದಿ ಸಂತೋಷಪಟ್ಟೆ. ಆದರೆ ಹಿರೇಕೆರೂರಿನ ಅಪ್ಪನ ಮುಂದೆ ಸೈಪ್ರಸ್ಸಿನ ಮಾತು ನಿಲ್ಲುವುದಿಲ್ಲ. ನಮ್ಮ ನಾಡಿನವರೊಬ್ಬರು, ನಮ್ಮದೇ ಆಟದವರು ಬೇಕಿತ್ತು.

ಹಾಗೆ ಸಿಕ್ಕವರು ಮಮತಾ ಪೂಜಾರಿ. ಕಾರ್ಕಳದ ಕಡೆಯ ಹೆರ್ಮುಂಡೆ ಎಂಬ ಹಳ್ಳಿಯವರು. ಶಾಲೆಯ ದಿನಗಳಲ್ಲಿ ವಾಲಿಬಾಲು, ಗುಂಡು ಎಸೆತಗಳಲ್ಲಿಯೂ ಕೈಯಾಡಿಸಿದವರು. ಕೊನೆಗೆ ನೆಚ್ಚಿದ್ದು ಕಬಡ್ಡಿಯನ್ನು, ಅದರಲ್ಲಿಯೂ ದಾಳಿಯನ್ನು. ಏಷ್ಯನ್ ಕ್ರೀಡಾಕೂಟದಲ್ಲಿ ಗಂಡಸರ ಕಬಡ್ಡಿ 1990ರಿಂದ ಇದ್ದರೂ ಹೆಂಗಸರಿಗೆ ಅಲ್ಲಿ ಅಂಕಣ ಸಿಕ್ಕಿದ್ದು 2010ರಲ್ಲಿ, ಚೀನದ ಗುವಾಂಗ್‌ಝೌದಲ್ಲಿ. ಇಪ್ಪತ್ತು ವರ್ಷ ಕಾಯಬೇಕಾಯಿತು! ಆ ಮೊದಲ ಸಲವೇ ಚಿನ್ನ ಗೆದ್ದ ತಂಡದಲ್ಲಿ ಮಮತಾ ಇದ್ದರು. 2012ರಲ್ಲಿ ಪಾಟ್ನಾದಲ್ಲಿ ನಡೆದ ಮೊದಲ ಮಹಿಳಾ ವಿಶ್ವಕಪ್ಪಿನಲ್ಲಿ ಅವರೇ ನಾಯಕಿ. ಇರಾನನ್ನು ಸೋಲಿಸಿ ಕಪ್ಪು ತಂದರು. 2014ರಲ್ಲಿ ಇಂಚಿಯಾನ್‌ನಲ್ಲಿ ಮತ್ತೆ ಚಿನ್ನ, ಅದೇ ವರ್ಷ ಅರ್ಜುನ ಪ್ರಶಸ್ತಿ.

ಇಷ್ಟನ್ನು ಅಪ್ಪನಿಗೆ ಓದಿ ಹೇಳಿದೆ. ಅವರು ಎಲ್ಲವನ್ನೂ ಕೇಳಿ, “ಹೊಟ್ಟಿಗೆ ಏನ ಮಾಡ್ಯಾಳ ಆಕಿ?” ಎಂದರು.

“ರೈಲ್ವೆ ನೌಕರಿ, ಅಪ್ಪಾ. ಸಿಕಂದರಾಬಾದಿನಾಗ.”

ಅಪ್ಪ ಕುಳಿತಲ್ಲೇ ನೆಟ್ಟಗಾದರು. ಚಿನ್ನದ ಪದಕಕ್ಕೆ ಆಗದ ಕೆಲಸ ರೈಲ್ವೆಯ ಹೆಸರಿನಿಂದ ಆಯಿತು. ಮಮತಾ ದಕ್ಷಿಣ ಮಧ್ಯ ರೈಲ್ವೆಯನ್ನು ಸೇರಿ, ರೈಲ್ವೆಯ ಪರವಾಗಿ ಆಡುತ್ತಾ ಮೇಲೇರಿದವರು. ನಮ್ಮ ಹಿರೇಕೆರೂರಿಗೆ ರೈಲೇ ಇಲ್ಲ. ರೈಲು ಹಿಡಿಯಬೇಕಾದರೆ ಬಸ್ಸಿನಲ್ಲಿ ರಾಣೇಬೆನ್ನೂರಿಗೋ ಬ್ಯಾಡಗಿಗೋ ಹೋಗಬೇಕು. ಆದರೂ ರೈಲ್ವೆ ನೌಕರಿಯೆಂದರೇನೆಂದು ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಸಹಪಾಠಿಗಳಲ್ಲಿ ಕೆಲವರು ಇಲ್ಲಿ ತಕರಾರು ತೆಗೆದಾರು. ಈಗ ಕಬಡ್ಡಿಗೆ ಲೀಗುಗಳಿಲ್ಲವೇ, ಹರಾಜಿಲ್ಲವೇ, ನೌಕರಿಯ ಹಂಗೇಕೆ ಎಂದು. ನಿಜ. 2014ರಲ್ಲಿ ಆರಂಭವಾದ ಪ್ರೊ ಕಬಡ್ಡಿಯಲ್ಲಿ ಪವನ್ ಸೆಹ್ರಾವತ್ ಅವರನ್ನು 2023ರ ಹರಾಜಿನಲ್ಲಿ ತೆಲುಗು ಟೈಟನ್ಸ್ ತಂಡ 2 ಕೋಟಿ 60 ಲಕ್ಷ 50 ಸಾವಿರ ರೂಪಾಯಿಗಳಿಗೆ ಪಡೆಯಿತು. ಆದರೆ ಅದು ಗಂಡಸರ ಲೀಗು. ಹೆಂಗಸರ ಪಾಲಿಗೆ ಬಂದದ್ದರ ಕಥೆಯನ್ನು ನಾನು ಈ ವರ್ಷವಷ್ಟೇ ತಿಳಿದೆ. 2016ರ ಬೇಸಗೆ ಮುಗಿದ ಮೇಲೆ, ಗಂಡಸರ ಪಂದ್ಯಗಳ ನಡುನಡುವೆ, ಮೂರೇ ತಂಡಗಳ ಒಂದು ಮಹಿಳಾ ಸ್ಪರ್ಧೆ ನಡೆಯಿತು. ಜುಲೈ 31ರಂದು ಹೈದರಾಬಾದಿನಲ್ಲಿ ಅಂತಿಮ ಪಂದ್ಯ. ಒಂದು ಕಡೆ ಫೈರ್ ಬರ್ಡ್ಸ್, ನಾಯಕಿ ಮಮತಾ ಪೂಜಾರಿ. ಇನ್ನೊಂದು ಕಡೆ ಸ್ಟಾರ್ಮ್ ಕ್ವೀನ್ಸ್, ನಾಯಕಿ ಬೆಂಗಳೂರಿನ ತೇಜಸ್ವಿನಿ ಬಾಯಿ. ಇಬ್ಬರೂ ಕನ್ನಡ ನಾಡಿನವರು, ಇಬ್ಬರೂ ಅರ್ಜುನ ಪ್ರಶಸ್ತಿ ಪಡೆದವರು! ಸ್ಟಾರ್ಮ್ ಕ್ವೀನ್ಸ್ 24, ಫೈರ್ ಬರ್ಡ್ಸ್ 23. ಒಂದೇ ಅಂಕ. ಇದಕ್ಕಿಂತ ಬಿಗಿಯಾದ ಪಂದ್ಯವನ್ನು ಯಾರು ಆಡಿ ತೋರಿಸಬೇಕು? ಮುಂದಿನ ವರ್ಷ ಗಂಡಸರ ಲೀಗು ಇನ್ನಷ್ಟು ತಂಡಗಳೊಡನೆ ನಡೆಯಿತು. ಹೆಂಗಸರ ಸ್ಪರ್ಧೆ ನಡೆಯಲೇ ಇಲ್ಲ. ಆಗ ನಾನು ಪ್ರಾಥಮಿಕ ಶಾಲೆಯಲ್ಲಿದ್ದೆ, ಜಾತ್ರೆಯಲ್ಲಿ ಹುಡುಗರ ಕಬಡ್ಡಿಯನ್ನು ಹಗ್ಗದ ಈಚೆ ನಿಂತು ನೋಡುತ್ತಿದ್ದೆ.

ಆದ್ದರಿಂದ ನನ್ನ ಲೆಕ್ಕದಲ್ಲಿ ಹುಡುಗಿಯೊಬ್ಬಳಿಗೆ ಕಾಲೇಜಿನ ಅಂಕಣದಿಂದ ಮುಂದಿನ ದಾರಿ ಹರಾಜಿನ ಕೋಣೆಯ ಮೂಲಕ ಹೋಗುವುದಿಲ್ಲ, ನೌಕರಿಯ ಮೂಲಕ ಹೋಗುತ್ತದೆ. ಇದನ್ನು ಬೇಸರದಿಂದ ಬರೆಯುತ್ತಿಲ್ಲ. ಸಂಬಳ ಬರುವವಳನ್ನು ಆಟ ಬಿಡು ಎನ್ನಲು ಯಾರಿಗೂ ಅಷ್ಟು ಸುಲಭವಾಗಿ ಬಾಯಿ ಬರುವುದಿಲ್ಲ.

ಇಷ್ಟೆಲ್ಲ ತಿಳಿದು, ದೊಡ್ಡ ಉತ್ಸಾಹದಿಂದ ನಮ್ಮ ದೈಹಿಕ ಶಿಕ್ಷಣದ ಅಧ್ಯಾಪಕರ ಬಳಿ ಹೋಗಿ, ಹುಬ್ಬಳ್ಳಿಯಲ್ಲಿಯೇ ನೈಋತ್ಯ ರೈಲ್ವೆಯ ಕೇಂದ್ರ ಕಚೇರಿಯಿದೆಯಲ್ಲ ಸರ್, ಕ್ರೀಡಾ ಕೋಟಾದಲ್ಲಿ ಅರ್ಜಿ ಹಾಕಲೇ ಎಂದೆ. ಅವರು ನಗಲಿಲ್ಲ. “ನಿನ್ನ ಪ್ರಮಾಣಪತ್ರಗಳನ್ನು ತಂದು ತೋರಿಸಮ್ಮ” ಎಂದರು. ನಾನು ತಂದದ್ದು ತಾಲ್ಲೂಕಿನವು ಮೂರು, ಅಂತರ ಕಾಲೇಜಿನದು ಒಂದು. ಅವರು ಒಂದೊಂದನ್ನೂ ಓದಿ, ಮಡಚದೆ ಮರಳಿ ಕೊಟ್ಟು, ವಿಶ್ವವಿದ್ಯಾಲಯದ ಪರವಾಗಿಯೋ ರಾಜ್ಯದ ಪರವಾಗಿಯೋ ಆಡಿ ಸ್ಥಾನ ಗಳಿಸಿದವರ ಅರ್ಜಿಯನ್ನೇ ಅಲ್ಲಿ ಮೊದಲು ನೋಡುತ್ತಾರೆಂದು ತಿಳಿಸಿದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆ ಒಂದು ಅಂತರ ಕಾಲೇಜು ಪ್ರಮಾಣಪತ್ರದ ಹಿಂದಿನ ಕಥೆಯನ್ನೂ ಹೇಳಿಬಿಡುತ್ತೇನೆ. ಪಂದ್ಯ ಮ್ಯಾಟಿನ ಮೇಲೆ ನಡೆಯಿತು. ನಾವು ಮಣ್ಣಿನಲ್ಲಿ ಬರಿಗಾಲಲ್ಲಿ ಆಡಿದವರು. ಮ್ಯಾಟನ್ನು ಮೊಬೈಲಿನಲ್ಲಿ ಮಾತ್ರ ಕಂಡಿದ್ದೆವು. ಶೂ ಬೇಕೆಂದರು. ಗೆಳತಿಯ ಶೂಗಳನ್ನು, ಬೆರಳ ಕಡೆ ಬಟ್ಟೆಯ ಚೂರು ತುರುಕಿ ಹಾಕಿಕೊಂಡೆ. ಮಣ್ಣಿನಲ್ಲಿ ಕಾಲು ಜಾರಿಸಿ ಗೆರೆ ಮುಟ್ಟುವ ನನ್ನ ಜಾಣತನ ಅಲ್ಲಿ ನಡೆಯಲಿಲ್ಲ. ಮ್ಯಾಟು ಕಾಲನ್ನು ಹಿಡಿದು ನಿಲ್ಲಿಸಿತು. ಮೊದಲ ಎರಡು ದಾಳಿಗಳಲ್ಲಿ ನನ್ನ ಹಿಮ್ಮಡಿ ಸಿಕ್ಕಿಬಿತ್ತು. ಮೂರನೆಯದರಲ್ಲಿ ಶೂ ಬಿಚ್ಚಿ ಬರಿಗಾಲಲ್ಲಿ ಹೋಗುತ್ತೇನೆಂದು ಹಟ ಹಿಡಿದೆ, ತೀರ್ಪುಗಾರರು ಬಿಡಲಿಲ್ಲ. ಬಹಳ ದಿನ ಆ ಸೋಲನ್ನು ಶೂಗಳ ಮೇಲೆ ಹೊರಿಸಿ ಮಾತಾಡಿದ್ದೇನೆ. ಆದರೆ ಕೊನೆಯ ದಾಳಿಯಲ್ಲಿ ನನಗೆ ಶೂ ರೂಢಿಯಾಗಿತ್ತು. ಒಬ್ಬಳನ್ನು ಮುಟ್ಟಿಯೂ ಇದ್ದೆ. ನಡುಗೆರೆ ಒಂದು ಮಾರು ದೂರವಿದ್ದಾಗ ಎಷ್ಟು ಜನ ಬೆನ್ನಟ್ಟುತ್ತಿದ್ದಾರೆಂದು ಹಿಂತಿರುಗಿ ನೋಡಿದೆ. ಅಷ್ಟು ಸಾಕಾಯಿತು. ಮೂರು ಅಂಕಗಳಿಂದ ಸೋತೆವು.

ಈಗ ಕೊನೆಯ ವರ್ಷ. ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆ ಮುಂದಿನ ವಾರವಿದೆ. ಈ ಸಂಚಿಕೆ ಅಚ್ಚಾಗಿ ನಿಮ್ಮ ಕೈಸೇರುವ ಹೊತ್ತಿಗೆ ಅದು ಮುಗಿದಿರುತ್ತದೆ. ಅವ್ವನಿಗೆ ಭಯ. ಬ್ಯಾಡಗಿಯ ಕಡೆಯಿಂದ ನನ್ನನ್ನು ನೋಡಲು ಒಬ್ಬರು ಬರುವವರಿದ್ದಾರೆ, ಆ ಹೊತ್ತಿಗೆ ಮುಖಕ್ಕೆ ಗಾಯ ಮಾಡಿಕೊಂಡು ಬಂದರೆ ಏನು ಗತಿ ಎಂದು. ನಾನು ಅಧ್ಯಾಪಕರ ನೆರವಿನಿಂದ ನನ್ನ ಅಳತೆಯ ಶೂಗಳನ್ನು ತರಿಸಿಕೊಂಡು, ಬೆಳಗಿನ ಜಾವ ಮನೆಯ ಮುಂದಿನ ಕಣದಲ್ಲಿ ಹಾಕಿಕೊಂಡು ಓಡುತ್ತಿದ್ದೇನೆ.

ನಿನ್ನೆ ರಾತ್ರಿ ಊಟಕ್ಕೆ ಕುಳಿತಾಗ ಅಪ್ಪ, “ನಿನಗಂತೂ ಬಸ್ ಫ್ರೀ ಐತಿ. ನಂಗ ಅಲ್ಲೀತನಕ ಟಿಕೀಟಿಗೆ ಎಷ್ಟಾಗತೈತಿ?” ಎಂದು ಕೇಳಿದರು. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಅವರ ಮುಖ ನೋಡಿದಳು.